ಬ್ಯಾಕಪ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬೇಕೇ, ಬೇಡವೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಸುತ್ತಮುತ್ತಲಿನ ಡಿಟಿಪಿ ಅಂಗಡಿಗಳು, ಸಣ್ಣ ಪ್ರಿಂಟಿಂಗ್ ಪ್ರೆಸ್‌ಗಳು, ಒಂದಿಷ್ಟು ಆಡಿಟರ್ ಕಚೇರಿಗಳು: ಇವರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಹುತೇಕ ಎಲ್ಲ ಕಡೆಯೂ ಡಿಸ್ಕ್ ಇಮೇಜ್ ತೆಗೆದಿಡುವ ಏರ್ಪಾಡು ಮಾಡಿಕೊಟ್ಟಿದ್ದೇನೆ. ಈಚೆಗೆ ಎಲ್ಲಿ ಹೋದರೂ ಒಂದೇ ಮಾತು: "ಅಪ್‌ಗ್ರೇಡ್ ಮಾಡಿ ಅಂತ ತೆರೆ ಮೇಲೆ ಬರ್ತಾನೇ ಇದೆ ಸರ್, ದುಡ್ಡು ಕಟ್ಟೋದಾ, ಬಿಡೋದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ನನ್ನ ಫೈಲುಗಳೆಲ್ಲ ಪೆನ್‌ಡ್ರೈವ್‌ನಲ್ಲಿ ಕಾಪಿ ಇವೆ. ಡಿಸ್ಕ್ ಇಮೇಜ್ ಯಾಕೆ ಬೇಕು?

ಫೈಲು ಇದ್ದರೆ ಅರ್ಧ ಇದ್ದಂತೆ. ಉಳಿದರ್ಧ ಅದನ್ನು ತೆರೆಯುವ ಸಾಫ್ಟ್‌ವೇರ್. ನಮ್ಮೂರ ಪ್ರೆಸ್‌ಗಳನ್ನೇ ನೋಡಿ. ಇವತ್ತಿಗೂ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲ ಪೇಜ್‌ಮೇಕರ್ 7 ಎಂಬ ಪುಟ ವಿನ್ಯಾಸದ ಸಾಫ್ಟ್‌ವೇರ್‌ನಲ್ಲೇ ಕೂರುತ್ತವೆ. ಆ ಆವೃತ್ತಿ ಬಂದದ್ದು 2001ರಲ್ಲಿ. ಅಡೋಬಿಯವರು ಆಮೇಲೆ ಪೇಜ್‌ಮೇಕರ್‌ಗೆ ಮುಂದಿನ ಆವೃತ್ತಿ ತರಲೇ ಇಲ್ಲ. ಜೊತೆಗೆ ಕನ್ನಡ ಟೈಪ್ ಮಾಡುವ ನುಡಿ ಅಥವಾ ಶ್ರೀಲಿಪಿ, ಶ್ರೀಲಿಪಿಯಾದರೆ ಅದರ ಡಾಂಗಲ್ (ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ಓಡುವ ಪುಟ್ಟ ಕೀಲಿ), ಯೂನಿಕೋಡ್‌ಗೂ ಮುಂಚಿನ ಹಳೇ ಆಸ್ಕಿ ಫಾಂಟುಗಳ ರಾಶಿ, ಪ್ರಿಂಟರ್ ಡ್ರೈವರ್, ಆಪರೇಟರ್ ಹುಡುಗಿ ವರ್ಷಗಟ್ಟಲೆ ಕೂತು ಹೊಂದಿಸಿಕೊಂಡ ಶಾರ್ಟ್‌ಕಟ್ಟುಗಳು. ಸಿ.ಡಿ. ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಹೋದರೆ ಪೆನ್‌ಡ್ರೈವ್‌ನಲ್ಲಿರುವ ಫೈಲುಗಳನ್ನು ಹೊಸ ಕಂಪ್ಯೂಟರ್‌ಗೆ ಹಾಕಿಕೊಂಡು ನೋಡುತ್ತಾ ಕೂರಬೇಕು, ತೆರೆಯಲು ಆಗುವುದಿಲ್ಲ.

ಡಿಸ್ಕ್ ಇಮೇಜ್ ಎಂದರೆ ವಿಂಡೋಸ್, ಸಾಫ್ಟ್‌ವೇರ್, ಸೆಟ್ಟಿಂಗ್, ಫಾಂಟು, ಫೈಲು ಎಲ್ಲ ಸೇರಿ ಇಡೀ ಡಿಸ್ಕಿನ ಪಡಿಯಚ್ಚು. ಹೊಸ ಡಿಸ್ಕಿಗೆ ಅದನ್ನು ರಿಸ್ಟೋರ್ ಮಾಡಿದರೆ ನಿನ್ನೆ ಸಂಜೆ ಬಿಟ್ಟು ಹೋದ ಡೆಸ್ಕ್‌ಟಾಪ್ ಹಾಗೇ ಎದ್ದು ಕೂರುತ್ತದೆ.

ಈಗಿರೋದು ಚೆನ್ನಾಗೇ ಓಡ್ತಿದೆಯಲ್ಲ. ಯಾಕೆ ಮುಟ್ಟಬೇಕು?

ಯಾವುದು ಚೆನ್ನಾಗಿ ಓಡುತ್ತಿದೆ ಎಂದು ಕೇಳಿಕೊಳ್ಳಿ. ವಾರಕ್ಕೊಮ್ಮೆ ಬ್ಯಾಕಪ್ ಆಗಿ "ಯಶಸ್ವಿ" ಎಂದು ಹಸಿರು ಗುರುತು ಬರುತ್ತಿದೆ, ಅಷ್ಟು ತಾನೇ? ಅದು ಬರೆದಿಡುವ ಕೆಲಸ ಆಗುತ್ತಿದೆ ಎಂದು ಹೇಳುತ್ತದೆ. ವಾಪಸ್ ತರುವ ಕೆಲಸ ಆಗುತ್ತದೆಯೇ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಅಪ್‌ಗ್ರೇಡ್ ಮಾಡಬೇಕೋ ಬೇಡವೋ ಎನ್ನುವುದನ್ನು ನಾನು ಮೂರು ವಿಷಯ ನೋಡಿ ತೀರ್ಮಾನಿಸುತ್ತೇನೆ. ವಿಂಡೋಸ್ ಏಳದಾಗ ಯಂತ್ರವನ್ನು ಎಬ್ಬಿಸುವ ನಿಮ್ಮ ರೆಸ್ಕ್ಯೂ ಪೆನ್‌ಡ್ರೈವ್ ಇವತ್ತು ನಿಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿ ಬೂಟ್ ಆಗುತ್ತದೆಯೇ? ಬೂಟ್ ಆದಮೇಲೆ ಯಂತ್ರದೊಳಗಿನ ಡಿಸ್ಕನ್ನೂ ಹೊರಗಿನ ಬ್ಯಾಕಪ್ ಡಿಸ್ಕನ್ನೂ ಎರಡನ್ನೂ ತೋರಿಸುತ್ತದೆಯೇ? ಇಮೇಜನ್ನು ಬೇರೊಂದು ಡಿಸ್ಕಿಗೆ ಇಳಿಸಿದರೆ ವಿಂಡೋಸ್ ಏಳುತ್ತದೆಯೇ? ಮೂರಕ್ಕೂ ಹೌದು ಎಂದಾದರೆ, ಸಾಫ್ಟ್‌ವೇರ್ ಎಷ್ಟೇ ಹಳೆಯದಿರಲಿ, ದುಡ್ಡು ಜೇಬಲ್ಲೇ ಇಟ್ಟುಕೊಳ್ಳಿ. ಒಂದಕ್ಕೆ ಇಲ್ಲ ಎಂದಾದರೂ ತಡ ಮಾಡಬೇಡಿ.

ಹೊಸ ಆವೃತ್ತಿಯಲ್ಲಿ ಏನೇನು ಸೇರಿಸಿದ್ದಾರೆ ಎಂಬ ಪಟ್ಟಿಯನ್ನು ನಾನು ನೋಡುವುದು ಇದೆಲ್ಲ ಮುಗಿದ ಮೇಲೆ.

ರೆಸ್ಕ್ಯೂ ಪೆನ್‌ಡ್ರೈವ್ ಅಂದ್ರೆ ಏನು? ಅದಕ್ಕೆ ಇಷ್ಟು ಮಹತ್ವ ಯಾಕೆ?

ವಿಂಡೋಸ್ ಏಳದಿದ್ದಾಗ ಬ್ಯಾಕಪ್ ಸಾಫ್ಟ್‌ವೇರ್ ಕೂಡ ಏಳುವುದಿಲ್ಲ, ಅದೂ ಅದೇ ಡಿಸ್ಕಿನಲ್ಲಿ ಇರುವುದು ತಾನೆ. ಆಗ ಹೊರಗಿನಿಂದ ಯಂತ್ರವನ್ನು ಎಬ್ಬಿಸಲು ಒಂದು ಪುಟ್ಟ ವಿಂಡೋಸ್ ಬೇಕು. ವಿಂಡೋಸ್ ಪಿಇ ಎನ್ನುವ ಈ ಕಿರು ವಿಂಡೋಸನ್ನು ಬ್ಯಾಕಪ್ ಸಾಫ್ಟ್‌ವೇರ್ ಪೆನ್‌ಡ್ರೈವ್‌ಗೆ ಬರೆದುಕೊಡುತ್ತದೆ. ಕೆಲವು ಲಿನಕ್ಸ್ ಮೇಲೆ ಕಟ್ಟಿದವು. ಯಾವುದೇ ಇರಲಿ, ಆ ಪೆನ್‌ಡ್ರೈವ್ ತಯಾರಾದ ದಿನ ಯಾವ ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ಗುರುತಿಸಿ ಓಡಿಸುವ ಪುಟ್ಟ ಪ್ರೋಗ್ರಾಂಗಳು) ಅದರಲ್ಲಿದ್ದವೋ ಅಷ್ಟೇ ಅದರ ತಿಳಿವಳಿಕೆ. ವಿಂಡೋಸ್ 7ರ ಕಾಲದ ಪಿಇಗೆ ಯುಎಸ್‌ಬಿ 3 ಪೋರ್ಟೂ ಗೊತ್ತಿಲ್ಲ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯೂ ಗೊತ್ತಿಲ್ಲ.

ಒಂದು ರಾತ್ರಿ ನಡೆದದ್ದು ಹೇಳುತ್ತೇನೆ. ಆಡಿಟರ್ ಕಚೇರಿಯೊಂದರಲ್ಲಿ ಹಳೇ ಕಂಪ್ಯೂಟರ್ ತೆಗೆದು ಇಂಟೆಲ್ 11ನೇ ತಲೆಮಾರಿನ ಲ್ಯಾಪ್‌ಟಾಪ್ ತಂದಿದ್ದರು. ಬ್ಯಾಕಪ್ ಸಾಫ್ಟ್‌ವೇರ್ ಹಳೆಯದೇ, ವಾರವಾರ ಇಮೇಜ್ ಸರಿಯಾಗಿ ಆಗುತ್ತಿತ್ತು. ತಿಂಗಳ 19ನೇ ತಾರೀಖು ಸಂಜೆ ವಿಂಡೋಸ್ ಕೈಕೊಟ್ಟಿತು. ಮರುದಿನ 20, ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಸಲ್ಲಿಸುವ ಕಡೇ ದಿನ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಡೇಟಾ ಎಲ್ಲ ಅದರೊಳಗೆ. ನಾನು ಹೋಗಿ ರೆಸ್ಕ್ಯೂ ಪೆನ್‌ಡ್ರೈವ್ ಹಾಕಿದೆ. ಬೂಟ್ ಆಯಿತು, ಬ್ಯಾಕಪ್ ಡಿಸ್ಕ್ ಕಂಡಿತು, ಇಮೇಜೂ ಕಂಡಿತು. ಎಲ್ಲಿಗೆ ರಿಸ್ಟೋರ್ ಮಾಡಬೇಕು ಎಂದು ಕೇಳುವ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಡಿಸ್ಕೇ ಇರಲಿಲ್ಲ. ಪೆನ್‌ಡ್ರೈವ್ ಮತ್ತು ಬ್ಯಾಕಪ್ ಡಿಸ್ಕ್, ಎರಡೇ ಸಾಲು. ಹಿಂದೆ ನಿಂತಿದ್ದ ಆಡಿಟರು "ಡಿಸ್ಕ್ ಸುಟ್ಟೋಯ್ತಾ?" ಎಂದು ಕೇಳಿದಾಗ ಅವರ ದನಿ ನಡುಗುತ್ತಿತ್ತು.

ಡಿಸ್ಕ್ ಸುಟ್ಟಿರಲಿಲ್ಲ. ಆ ತಲೆಮಾರಿನಿಂದ ಈಚೆಗೆ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ವಿಎಂಡಿ ಎನ್ನುವ ನಿಯಂತ್ರಕದ ಹಿಂದೆ ಕೂತಿರುತ್ತದೆ. ಅದರ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್ ಕಾಣುವುದೇ ಇಲ್ಲ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲೇ ಏಳುವ, ಯಂತ್ರದ ತಳದ ಸೆಟ್ಟಿಂಗ್) ಹೋಗಿ ವಿಎಂಡಿ ಆಫ್ ಮಾಡಿದರೆ ಡಿಸ್ಕ್ ಕಾಣುತ್ತದೆ, ಆದರೆ ವಿಎಂಡಿ ಇದ್ದಾಗ ಹಾಕಿದ ವಿಂಡೋಸ್ ಆಮೇಲೆ ಏಳದೆ ಹೋಗಬಹುದು. ಪಕ್ಕದ ಕಂಪ್ಯೂಟರ್‌ನಲ್ಲಿ ಇಂಟೆಲ್ ಡ್ರೈವರ್ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಕೈಯಾರೆ ಲೋಡ್ ಮಾಡಿ ಡಿಸ್ಕ್ ಕಾಣಿಸಿಕೊಳ್ಳುವ ಹೊತ್ತಿಗೆ ರಾತ್ರಿ ಒಂದೂವರೆ. ಬೆಳಿಗ್ಗೆ ರಿಟರ್ನ್ ಸಲ್ಲಿಕೆ ಆಯಿತು.

ಹೊಸ ಲ್ಯಾಪ್‌ಟಾಪ್ ಬಂದ ದಿನವೇ ಹೊಸ ರೆಸ್ಕ್ಯೂ ಪೆನ್‌ಡ್ರೈವ್ ಮಾಡಿದ್ದರೆ ಆ ರಾತ್ರಿಯ ಪಾಡು ಇರುತ್ತಿರಲಿಲ್ಲ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಹಲವು ಪೆನ್‌ಡ್ರೈವ್ ತಯಾರಿಸುವಾಗ ಆ ಯಂತ್ರದ ಡಿಸ್ಕ್ ಮತ್ತು ನೆಟ್‌ವರ್ಕ್ ಡ್ರೈವರ್‌ಗಳನ್ನು ತಾವೇ ಹುಡುಕಿ ಸೇರಿಸಿಕೊಳ್ಳುತ್ತವೆ. ನಿಮ್ಮ ಹಳೇ ಆವೃತ್ತಿ ಇಷ್ಟು ಮಾಡಿಕೊಡುತ್ತದೆ ಎಂದಾದರೆ ಪೆನ್‌ಡ್ರೈವ್ ಹೊಸದಾಗಿ ಮಾಡಿಕೊಂಡರೆ ಮುಗಿಯಿತು, ಸಾಫ್ಟ್‌ವೇರ್ ಕೊಳ್ಳುವುದು ಬೇಡ. ಮಾಡಿಕೊಡುವುದಿಲ್ಲ ಎಂದಾದರೆ ಅಪ್‌ಗ್ರೇಡ್‌ಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

2026ರಲ್ಲಿ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್ ಮುಗಿಯುತ್ತೆ ಅಂತಾರೆ. ಅದಕ್ಕೂ ಬ್ಯಾಕಪ್‌ಗೂ ಏನು ಸಂಬಂಧ?

ಸಂಬಂಧ ಇದೆ. ಯಂತ್ರ ಆನ್ ಆದಾಗ ಮೊದಲು ಓಡುವ ಬೂಟ್ ಪ್ರೋಗ್ರಾಂಗೆ ಮೈಕ್ರೋಸಾಫ್ಟಿನ ಸಹಿ ಇದೆಯೇ ಎಂದು ನೋಡುವ ಕಾವಲು ಸೆಕ್ಯೂರ್ ಬೂಟ್. 2011ರಲ್ಲಿ ಕೊಟ್ಟ ಆ ಸಹಿಯ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅವುಗಳ ಜಾಗಕ್ಕೆ 2023ರ ಸರ್ಟಿಫಿಕೇಟುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕಳಿಸುತ್ತಾರೆ.

ಅವಧಿ ಮುಗಿದ ಮಾತ್ರಕ್ಕೆ ನಿಮ್ಮ ಹಳೇ ಪೆನ್‌ಡ್ರೈವ್ ಬೆಳಗಾಗುವುದರೊಳಗೆ ನಿಲ್ಲುವುದಿಲ್ಲ. ತೊಂದರೆ ಇರುವುದು ಇನ್ನೊಂದು ಹೆಜ್ಜೆಯಲ್ಲಿ. ಬೂಟ್ ಹಂತದಲ್ಲೇ ನುಸುಳುವ ಬ್ಲ್ಯಾಕ್‌ಲೋಟಸ್ ಎಂಬ ಮಾಲ್‌ವೇರ್ (ಕೇಡಿನ ಪ್ರೋಗ್ರಾಂ) 2023ರಲ್ಲಿ ಸುದ್ದಿಯಾದ ಮೇಲೆ, ಹಳೇ ಬೂಟ್ ಪ್ರೋಗ್ರಾಂಗಳನ್ನು ನಿಷೇಧದ ಪಟ್ಟಿಗೆ ಸೇರಿಸುವ ಕೆಲಸವನ್ನು ಮೈಕ್ರೋಸಾಫ್ಟ್ ಹಂತ ಹಂತವಾಗಿ ಶುರು ಮಾಡಿತು. ನಿಮ್ಮ ಯಂತ್ರದಲ್ಲಿ ಆ ನಿಷೇಧ ಜಾರಿಯಾದ ದಿನ 2011ರ ಸಹಿ ಇರುವ ರೆಸ್ಕ್ಯೂ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿ ದಾಟಿಕೊಳ್ಳಬಹುದು, ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದು ಆಗ 48 ಅಂಕಿಯ ಕೀ ಕೇಳುತ್ತದೆ.

ವಿಂಡೋಸ್ ಅಪ್‌ಡೇಟ್ ಎಲ್ಲ ಹಾಕಿ ಮುಗಿಸಿ, ಆಮೇಲೆ ಪೆನ್‌ಡ್ರೈವ್ ಹೊಸದಾಗಿ ತಯಾರಿಸಿ, ಒಮ್ಮೆ ಬೂಟ್ ಮಾಡಿ ನೋಡಿ. ನಿಮ್ಮ ಆವೃತ್ತಿ 2023ರ ಸಹಿಯ ಪೆನ್‌ಡ್ರೈವ್ ಮಾಡಿಕೊಡದಿದ್ದರೆ ಆ ಆವೃತ್ತಿಯ ಆಯಸ್ಸು ಮುಗಿಯುತ್ತಾ ಬಂತು ಎಂದೇ ಲೆಕ್ಕ.

ಹೊಸ ಆವೃತ್ತಿಗೆ ಹೋದರೆ ಹಳೇ ಇಮೇಜುಗಳು ತೆರೆಯುತ್ತವೆಯೇ?

ಸಾಮಾನ್ಯವಾಗಿ ಹೊಸದು ಹಳೆಯದನ್ನು ಓದುತ್ತದೆ, ಹಳೆಯದು ಹೊಸದನ್ನು ಓದುವುದಿಲ್ಲ. ಮ್ಯಾಕ್ರಿಯಂ ರಿಫ್ಲೆಕ್ಟ್ ಎಂಬ ಬ್ಯಾಕಪ್ ಸಾಫ್ಟ್‌ವೇರ್‌ನ 8ನೇ ಆವೃತ್ತಿಯ ಇಮೇಜ್ ಫೈಲುಗಳ ಹೆಸರು ಎಂಆರ್‌ಐಎಂಜಿ ಎಂದು ಮುಗಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ರಿಫ್ಲೆಕ್ಟ್ ಎಕ್ಸ್ ಕೊನೆಗೊಂದು ಎಕ್ಸ್ ಸೇರಿಸಿಕೊಂಡು ಹೊಸ ಬಗೆಯ ಫೈಲ್ ಬರೆಯುತ್ತದೆ. ಎಕ್ಸ್‌ನಿಂದ ಹಳೆಯದನ್ನು ರಿಸ್ಟೋರ್ ಮಾಡಬಹುದು; 8ರಿಂದ ಎಕ್ಸ್‌ನ ಫೈಲ್ ತೆರೆಯಲಾಗದು. ಆಕ್ರೋನಿಸ್ ಕಂಪನಿಯ ಟ್ರೂ ಇಮೇಜ್ ಕೂಡ 2020ರ ಆವೃತ್ತಿಯಲ್ಲಿ ಟಿಐಬಿ ಬಿಟ್ಟು ಟಿಐಬಿಎಕ್ಸ್‌ಗೆ ಹೊರಳಿತು. ಹಾಗಾಗಿ "ಹೊಸದನ್ನು ಒಂದು ತಿಂಗಳು ನೋಡೋಣ, ಸರಿ ಬರದಿದ್ದರೆ ಹಳೆಯದಕ್ಕೆ ಮರಳೋಣ" ಎನ್ನುವವರು ಆ ತಿಂಗಳಿನ ಬ್ಯಾಕಪ್ಪನ್ನು ಕಳೆದುಕೊಳ್ಳಲು ತಯಾರಿರಬೇಕು. ಇಲ್ಲವೇ ಎರಡೂ ರೆಸ್ಕ್ಯೂ ಪೆನ್‌ಡ್ರೈವ್ ಇಟ್ಟುಕೊಂಡಿರಬೇಕು.

ಇದು ಆಡಿಟರ್ ಕಚೇರಿಗಳಿಗೆ ಬಹಳ ಮುಖ್ಯ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಒಂದು ವರ್ಷದ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಾದರೆ ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷ. ಅಷ್ಟು ವರ್ಷಗಳಲ್ಲಿ ಬ್ಯಾಕಪ್ ಸಾಫ್ಟ್‌ವೇರ್ ಏನೇನಾಗಬಹುದು ಎನ್ನುವುದಕ್ಕೆ ನಾರ್ಟನ್ ಘೋಸ್ಟ್ ಸಾಕು. ಒಂದು ಕಾಲಕ್ಕೆ ನಮ್ಮ ಕಡೆ ಇಮೇಜ್ ತೆಗೆಯುವುದಕ್ಕೆ "ಘೋಸ್ಟ್ ಮಾಡೋದು" ಎಂದೇ ಹೆಸರಿತ್ತು. 2013ರ ಏಪ್ರಿಲ್ 30ಕ್ಕೆ ಅದರ ಮಾರಾಟ ನಿಂತಿತು. ಆಗ ತೆಗೆದ ಇಮೇಜುಗಳ ಡಿವಿಡಿ ಹಿಡಿದು ಈಗಲೂ ಯಾರಾದರೂ ಬರುತ್ತಾರೆ.

ನನ್ನ ಕ್ರಮ ಇದು: ಇಮೇಜ್ ಇರುವ ಡಿಸ್ಕಿನಲ್ಲೇ ಒಂದು ಫೋಲ್ಡರ್ ಮಾಡಿ, ಆ ಇಮೇಜ್ ತೆಗೆದ ಸಾಫ್ಟ್‌ವೇರ್‌ನ ಇನ್‌ಸ್ಟಾಲರ್, ಲೈಸೆನ್ಸ್ ಕೀ, ರೆಸ್ಕ್ಯೂ ಡಿಸ್ಕಿನ ಐಎಸ್‌ಒ ಫೈಲ್ (ಪೆನ್‌ಡ್ರೈವನ್ನು ಮತ್ತೆ ಬರೆದುಕೊಳ್ಳಲು ಬೇಕಾದ ಪ್ರತಿ) ಮೂರನ್ನೂ ಇಡುತ್ತೇನೆ. ವರ್ಷಾಂತ್ಯದ ಟ್ಯಾಲಿ ಡೇಟಾವನ್ನು ಮಾತ್ರ ಇಮೇಜಿಗೆ ನೆಚ್ಚಿಕೊಳ್ಳದೆ ಮಾಮೂಲಿ ಫೋಲ್ಡರ್ ಕಾಪಿಯಾಗಿಯೂ ಇಡುತ್ತೇನೆ. ಯಾವ ಕಂಪನಿ ಮುಚ್ಚಿದರೂ ಮಾಮೂಲಿ ಫೋಲ್ಡರ್ ತೆರೆಯುತ್ತದೆ.

ನನ್ನದು ಉಚಿತ ಆವೃತ್ತಿ, ಅದಕ್ಕೆ ಬೆಂಬಲ ನಿಂತು ಹೋಗಿದೆ. ಇನ್ನೂ ಬಳಸಬಹುದಾ?

ಮ್ಯಾಕ್ರಿಯಂ ರಿಫ್ಲೆಕ್ಟ್ ಫ್ರೀ ಕುರಿತು ಕೇಳುವವರೇ ಹೆಚ್ಚು. ಅದರ ಭದ್ರತಾ ಪರಿಹಾರಗಳು 2024ರ ಜನವರಿ 1ಕ್ಕೆ ನಿಂತವು. ಪ್ರೋಗ್ರಾಂ ಮಾತ್ರ ಓಡುತ್ತಲೇ ಇದೆ. ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಪ್ರೆಸ್ ಯಂತ್ರದಲ್ಲಿ ಇದ್ದರೆ ನಾನು ಮುಟ್ಟುವುದಿಲ್ಲ. ದಿನವಿಡೀ ಇಂಟರ್‌ನೆಟ್‌ನಲ್ಲಿರುವ, ವರ್ಷಕ್ಕೊಮ್ಮೆ ವಿಂಡೋಸ್ ಬದಲಾಗುವ ಯಂತ್ರದಲ್ಲಿದ್ದರೆ ಬೇರೆಯದಕ್ಕೆ ಹೋಗಿ ಎನ್ನುತ್ತೇನೆ. ಬ್ಯಾಕಪ್ ಸಾಫ್ಟ್‌ವೇರ್ ಡಿಸ್ಕಿನ ತಳಮಟ್ಟಕ್ಕೆ ಇಳಿದು ಪೂರ್ತಿ ಅಧಿಕಾರದೊಂದಿಗೆ ಕೆಲಸ ಮಾಡುವಂಥದ್ದು. ಅದರಲ್ಲಿ ಹೊಸ ತೂತು ಸಿಕ್ಕರೆ ಮುಚ್ಚುವವರು ಈಗ ಯಾರೂ ಇಲ್ಲ.

ವರ್ಷ ವರ್ಷ ಚಂದಾ ಕಟ್ಟಬೇಕಂತೆ. ಒಂದೇ ಸಲ ಕೊಳ್ಳೋದು ಇಲ್ಲವಾ?

ಈ ಬೇಸರ ನನಗೂ ಇದೆ. ಆಕ್ರೋನಿಸ್‌ನಲ್ಲಿ ಒಂದೇ ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ ಟ್ರೂ ಇಮೇಜ್ 2021. ರಿಫ್ಲೆಕ್ಟ್ ಎಕ್ಸ್ ಬಂದಾಗಲೂ ಮನೆ ಬಳಕೆಗೆ ವಾರ್ಷಿಕ ಚಂದಾ ಎಂದೇ ಬಂತು. ಹಳೇ ಗಿರಾಕಿಗಳು ಸಿಟ್ಟಾದರು.

ಚಂದಾ ಎಂದ ಕೂಡಲೇ ಬೇಡ ಎನ್ನಬೇಕಿಲ್ಲ. ಆದರೆ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಚಂದಾ ಮುಗಿದ ಮರುದಿನ ರಿಸ್ಟೋರ್ ಮಾಡಲು ಬಿಡುತ್ತಾರೆಯೇ? ಹೊಸ ಬ್ಯಾಕಪ್ ನಿಂತರೆ ನಿಲ್ಲಲಿ, ಈಗಾಗಲೇ ತೆಗೆದಿಟ್ಟ ಇಮೇಜ್ ನಿಮ್ಮದು. ಕಂಪನಿಯ ಷರತ್ತಿನಲ್ಲಿ ಇದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಈಮೇಲ್ ಬರೆದು ಉತ್ತರ ತರಿಸಿಕೊಂಡು ಅದನ್ನು ಇಟ್ಟುಕೊಳ್ಳಿ. ಕ್ಲೌಡ್‌ನಲ್ಲಿಟ್ಟ ಬ್ಯಾಕಪ್ ಚಂದಾ ನಿಂತಮೇಲೆ ಎಷ್ಟು ದಿನ ಉಳಿಯುತ್ತದೆ ಎನ್ನುವುದನ್ನೂ ಅದರಲ್ಲೇ ಕೇಳಿ.

ವಿಂಡೋಸ್ 10ರಿಂದ 11ಕ್ಕೆ ಹೋಗಬೇಕು. ಬ್ಯಾಕಪ್ ಸಾಫ್ಟ್‌ವೇರ್ ಮೊದಲೋ, ವಿಂಡೋಸ್ ಮೊದಲೋ?

ಎರಡನ್ನೂ ಒಂದೇ ದಿನ ಬದಲಿಸಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಅವಸರವಸರವಾಗಿ ಎಲ್ಲ ಒಟ್ಟಿಗೆ ಮಾಡಲು ಹೋಗಿ, ಏನು ಕೆಟ್ಟಿತು ಎಂದೇ ಗೊತ್ತಾಗದೆ ಕೂತವರನ್ನು ನೋಡಿದ್ದೇನೆ.

ಈಗಿರುವ ಸಾಫ್ಟ್‌ವೇರ್‌ನಿಂದಲೇ ವಿಂಡೋಸ್ 10ರ ಪೂರ್ತಿ ಇಮೇಜ್ ತೆಗೆದು, ವೆರಿಫೈ ಮಾಡಿ, ಆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಆಮೇಲೆ ವಿಂಡೋಸ್ 11. ಒಂದು ವಾರ ಟ್ಯಾಲಿ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಎಲ್ಲ ನಡೆಯುತ್ತವೆಯೇ ನೋಡಿಕೊಳ್ಳಿ. ನಂತರ ಬ್ಯಾಕಪ್ ಸಾಫ್ಟ್‌ವೇರ್ ವಿಚಾರಕ್ಕೆ ಬನ್ನಿ.

ಹೊಸ ಲ್ಯಾಪ್‌ಟಾಪ್ ಕೊಂಡವರು ಇನ್ನೊಂದು ಗಮನಿಸಬೇಕು. ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಸಾಮಾನ್ಯವಾಗಿ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಡೇಟಾ ಓದಲಾಗದಂತೆ ಹಾಕುವ ಬೀಗ) ತಂತಾನೇ ಆನ್ ಆಗುತ್ತದೆ. ಅನೇಕರಿಗೆ ಇದು ಗೊತ್ತೇ ಇಲ್ಲ. ವಿಂಡೋಸ್ ಓಡುತ್ತಿರುವಾಗ ತೆಗೆದ ಇಮೇಜಿನೊಳಗೆ ಡೇಟಾ ಬೀಗ ತೆಗೆದ ಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಇಮೇಜಿಗೇ ಪಾಸ್‌ವರ್ಡ್ ಹಾಕಬೇಕು. ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಡಿಸ್ಕಿನೊಳಗೆ ಇಣುಕಬೇಕಾದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಆ ಕೀಯನ್ನು ಕಾಗದದಲ್ಲಿ ಮುದ್ರಿಸಿ, ಪಾಸ್‌ಬುಕ್ ಇಡುವ ಜಾಗದಲ್ಲಿಡಿ.

ನಮ್ಮ ಪ್ರೆಸ್ಸಿನದು ವಿಂಡೋಸ್ 7. ಅದಕ್ಕೂ ಹೊಸ ಆವೃತ್ತಿ ಹಾಕಿಸಬೇಕಾ?

ಬೇಡ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಹೊಸ ಸಾಫ್ಟ್‌ವೇರ್‌ಗಳು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಕೂತರೂ ಲಾಭವಿಲ್ಲ. ಆ ಕಾಲದ ಸಾಫ್ಟ್‌ವೇರ್, ಆ ಕಾಲದ ರೆಸ್ಕ್ಯೂ ಡಿಸ್ಕ್, ಆ ಯಂತ್ರಕ್ಕೆ ಅದೇ ಸರಿಯಾದ ಜೋಡಿ. ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತಿಡಿ.

ಆದರೆ ಯಂತ್ರವೇ ಸತ್ತರೆ? ಹಳೇ ಇಮೇಜನ್ನು ಇವತ್ತಿನ ಲ್ಯಾಪ್‌ಟಾಪ್‌ಗೆ ಇಳಿಸಿದರೆ ಅದು ಏಳುವ ಭರವಸೆ ಕಡಿಮೆ. ಆಗಿನ ವಿಂಡೋಸ್ 7 ಹೆಚ್ಚಾಗಿ ಎಂಬಿಆರ್ ಎಂಬ ಹಳೇ ಮಾದರಿಯಲ್ಲಿ ವಿಂಗಡಿಸಿದ ಡಿಸ್ಕಿನಲ್ಲಿ, ಹಳೇ ಬಯಾಸ್‌ನಿಂದ ಏಳುವಂಥದ್ದು. ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನ ಬಿಟ್ಟು ಬೇರೆ ದಾರಿಯೇ ಇಲ್ಲ. ಇಂಥ ಪ್ರೆಸ್‌ಗಳಿಗೆ ನಾನು ಮಾಡುತ್ತಿರುವುದು ವರ್ಚುವಲ್ ಮಷೀನ್, ಅಂದರೆ ಒಂದು ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಎಂಬ ಸಲಕರಣೆಗಳ ಸಂಗ್ರಹದಲ್ಲಿ ಡಿಸ್ಕ್2ವಿಎಚ್‌ಡಿ ಎಂಬ ಉಚಿತ ಸಲಕರಣೆ ಇದೆ. ಓಡುತ್ತಿರುವ ಯಂತ್ರದ ಡಿಸ್ಕನ್ನು ಅದು ವರ್ಚುವಲ್ ಡಿಸ್ಕ್ ಫೈಲಾಗಿ ಬರೆಯುತ್ತದೆ. ಅದನ್ನು ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್‌ಗೆ ಸೇರಿಸಿದರೆ ಹೊಸ ಕಂಪ್ಯೂಟರ್‌ನ ಒಂದು ಕಿಟಕಿಯೊಳಗೆ ಹಳೇ ಪೇಜ್‌ಮೇಕರ್ ತೆರೆದುಕೊಳ್ಳುತ್ತದೆ. ಯುಎಸ್‌ಬಿ ಡಾಂಗಲ್ ಆದರೆ ಒಳಗೆ ಹಾಯಿಸಬಹುದು. ಹಿಂದಿನ ಕಾಲದ ಅಗಲ ಪ್ಯಾರಲಲ್ ಪೋರ್ಟಿನ ಡಾಂಗಲ್ ಇರುವವರು ಯಂತ್ರ ಸಾಯುವ ಮೊದಲೇ ಫಾಂಟ್ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಬದಲಿ ಕೇಳಿ. ಯಂತ್ರ ಹೊಸದಾದರೆ ವಿಂಡೋಸ್ ಲೈಸೆನ್ಸ್ ಪ್ರಶ್ನೆಯೂ ಏಳುತ್ತದೆ, ಅದನ್ನೂ ಆಗಲೇ ಸರಿಮಾಡಿಕೊಳ್ಳಬೇಕು.

ಹೊಸದರಲ್ಲಿ ಆ್ಯಂಟಿವೈರಸ್, ಕ್ಲೌಡ್ ಎಲ್ಲಾ ಸೇರಿದೆಯಂತೆ?

ಆ್ಯಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ, ಬ್ಯಾಕಪ್ ಸಾಫ್ಟ್‌ವೇರ್‌ನಿಂದ ಅದನ್ನು ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ಕ್ಲೌಡ್ ಒಳ್ಳೆಯದೇ, ಬೆಂಕಿ ಕಳ್ಳತನಗಳಿಂದ ಕಾಯುತ್ತದೆ. ಆದರೆ ಪ್ರತಿವಾರ 180 ಜಿಬಿಯ ಪೂರ್ತಿ ಇಮೇಜ್ ಮೇಲೇರಿಸುವುದು ನಮ್ಮೂರ ಇಂಟರ್‌ನೆಟ್‌ನಲ್ಲಿ ನಡೆಯುವ ಮಾತಲ್ಲ. ಡೇಟಾ ಫೋಲ್ಡರನ್ನಷ್ಟೇ ಕಳಿಸಿ. ಕಂಪನಿಯಾಗಿ ನೋಂದಾಯಿಸಿಕೊಂಡವರು ಎಲೆಕ್ಟ್ರಾನಿಕ್ ಲೆಕ್ಕಪತ್ರದ ಬ್ಯಾಕಪ್ಪನ್ನು ಭಾರತದೊಳಗಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು ಎಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿದ್ದಾರೆ. ಕ್ಲೌಡ್ ಎಲ್ಲಿದೆ ಎಂದು ಕೇಳಿಯೇ ಕೊಳ್ಳಿ.

ಹೊಸದು ದುಪ್ಪಟ್ಟು ವೇಗ ಅಂತಾರಲ್ಲ?

ಮೊದಲು ಕೇಬಲ್ ನೋಡಿ. ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಹೋಗುತ್ತದೆ. 180 ಜಿಬಿಗೆ ಒಂದೂವರೆ ಗಂಟೆ ಹತ್ತಿರ. ಅದೇ ಪೋರ್ಟಬಲ್ ಡಿಸ್ಕನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿ, 110 ಎಂಬಿಯಂತೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇಮೇಜ್ ನಿಧಾನ ಎಂದು ಕರೆದ ಕಡೆಗಳಲ್ಲಿ ನಾನು ಎಷ್ಟೋ ಸಲ ಸಿಪಿಯು ಹಿಂದೆ ಬಗ್ಗಿ ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಚುಚ್ಚಿ ಬಂದಿದ್ದೇನೆ.

ರ‍್ಯಾನ್ಸಮ್‌ವೇರ್ ಬಂದರೆ ಬ್ಯಾಕಪ್ಪೂ ಹೋಗುತ್ತಂತೆ. ಹೊಸ ಆವೃತ್ತಿ ತಡೆಯುತ್ತದೆಯೇ?

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಈ ಮಾಲ್‌ವೇರನ್ನು ಕೆಲವು ತಡೆಯುತ್ತವೆ. ಮ್ಯಾಕ್ರಿಯಂನಲ್ಲಿ ಇಮೇಜ್ ಗಾರ್ಡಿಯನ್ ಎಂಬುದು ಇಮೇಜ್ ಫೈಲನ್ನು ಬೇರೆ ಯಾವ ಪ್ರೋಗ್ರಾಂ ತಿದ್ದಲು ಬಂದರೂ ಬಿಡುವುದಿಲ್ಲ. ಉಪಯೋಗದ್ದು. ಅದಿದ್ದರೂ ನಾನು ಎರಡು ಡಿಸ್ಕ್ ಇಡಿಸುತ್ತೇನೆ, ಒಂದು ಸೋಮವಾರ, ಇನ್ನೊಂದು ಗುರುವಾರ, ಕೆಲಸ ಮುಗಿದ ಕೂಡಲೇ ಬಿಚ್ಚಿ ಬೀರುವಿಗೆ. ಸದಾ ಚುಚ್ಚಿಟ್ಟ ಒಂದೇ ಡಿಸ್ಕಿಗಿಂತ ಇದು ಎಷ್ಟೋ ಮೇಲು. ಎರಡನೇ ಡಿಸ್ಕಿನ ಬೆಲೆಯನ್ನು ಅಪ್‌ಗ್ರೇಡ್ ಬೆಲೆಯ ಪಕ್ಕ ಇಟ್ಟು ನೋಡಿ. ಒಂದಕ್ಕೇ ದುಡ್ಡಿದ್ದರೆ ಡಿಸ್ಕ್ ಕೊಳ್ಳಿ.

ದುಡ್ಡು ಕೊಡದೆ ಬೇರೆ ದಾರಿ ಇಲ್ಲವಾ?

ಇದೆ. ಕ್ಲೋನ್‌ಝಿಲಾ ತೈವಾನಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ, ನಾನು ಬಹಳ ವರ್ಷಗಳಿಂದ ನಂಬಿರುವಂಥದ್ದು. ಆದರೆ ಯಂತ್ರ ನಿಲ್ಲಿಸಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೇ ಇಮೇಜ್ ತೆಗೆಯಬೇಕು, ತೆರೆ ತುಂಬ ಅಕ್ಷರಗಳು, ಮತ್ತು ರಿಸ್ಟೋರ್ ಮಾಡುವ ಡಿಸ್ಕ್ ಮೂಲ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 1 ಟಿಬಿ ಹಾರ್ಡ್ ಡಿಸ್ಕಿನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ರೆಸ್ಕ್ಯೂಝಿಲಾ ಅದರದೇ ದಾಯಾದಿ. ಮೌಸ್ ಹಿಡಿದು ಕೆಲಸ ಮಾಡಬಹುದು, ಕ್ಲೋನ್‌ಝಿಲಾ ಇಮೇಜುಗಳನ್ನೂ ತೆರೆಯುತ್ತದೆ. ವಿಂಡೋಸ್ ಓಡುತ್ತಿರುವಾಗಲೇ ವೇಳಾಪಟ್ಟಿ ಪ್ರಕಾರ ಇಮೇಜ್ ಬೇಕೆಂದರೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಮತ್ತು ಹ್ಯಾಸ್ಲಿಯೋ ಬ್ಯಾಕಪ್ ಸ್ವೀಟ್ ಇವೆ. ಎರಡಕ್ಕೂ ಮೇಲಿನ ಮೂರು ಪರೀಕ್ಷೆ ತಪ್ಪಿದ್ದಲ್ಲ.

ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈಗಲೂ "ವಿಂಡೋಸ್ 7" ಹೆಸರಿನಲ್ಲೇ ಇರುವ ಸಿಸ್ಟಂ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರಲ್ಲೇ ಮುಂದೆ ಬೆಳೆಸುವುದಿಲ್ಲ ಎಂದು ಬದಿಗಿಟ್ಟಿದೆ. ಅದನ್ನು ನೆಚ್ಚಬೇಡಿ.

ರಿಸ್ಟೋರ್ ಪರೀಕ್ಷೆ ಮಾಡಲು ಭಯವಾಗುತ್ತದೆ. ಇರುವ ಡೇಟಾ ಅಳಿಸಿ ಹೋದರೆ?

ಭಯ ಸರಿಯಾದದ್ದೇ. ಅದಕ್ಕೇ ಮೂಲ ಡಿಸ್ಕನ್ನು ಯಂತ್ರದಿಂದ ಬಿಚ್ಚಿಯೇ ಪರೀಕ್ಷೆ ಮಾಡಬೇಕು. ಒಂದು ಅಗ್ಗದ ಎಸ್‌ಎಸ್‌ಡಿ ತನ್ನಿ, ಮೂಲ ಡಿಸ್ಕಿನಲ್ಲಿ ತುಂಬಿರುವ ಡೇಟಾ ಹಿಡಿಯುವಷ್ಟು ದೊಡ್ಡದಿದ್ದರೆ ಸಾಮಾನ್ಯವಾಗಿ ಸಾಕು (ಕ್ಲೋನ್‌ಝಿಲಾ ಆದರೆ ಮೂಲ ಡಿಸ್ಕಿನಷ್ಟೇ ದೊಡ್ಡದು ಬೇಕು). ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ, ಮೂಲ ಡಿಸ್ಕ್ ಹೊರತೆಗೆದು ಮೇಲೆ "ಮೂಲ" ಎಂದು ಟೇಪ್ ಅಂಟಿಸಿ ಪಕ್ಕಕ್ಕಿಡಿ. ಖಾಲಿ ಎಸ್‌ಎಸ್‌ಡಿ ಹಾಕಿ, ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಇಮೇಜ್ ಇಳಿಸಿ. ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತು ಯಂತ್ರ ಆನ್ ಮಾಡಿ.

ಮೊನ್ನೆ ಹರಿಹರದ ಪ್ರೆಸ್ಸೊಂದರಲ್ಲಿ ಹೀಗೆ ಮಾಡಿದಾಗ ಮಾಲೀಕರ ಅಮ್ಮ ಕೂಡ ಬಂದು ಹಿಂದೆ ನಿಂತಿದ್ದರು. ಕಪ್ಪು ತೆರೆ, ಸ್ವಲ್ಪ ಹೊತ್ತು ತಿರುಗುವ ಚುಕ್ಕೆಗಳು, ಆಮೇಲೆ ಉಕ್ಕಡಗಾತ್ರಿ ಅಜ್ಜಯ್ಯನ ಫೋಟೋದ ವಾಲ್‌ಪೇಪರ್, ಅದರ ಮೇಲೆ ನುಡಿಯ ಐಕಾನು, "ಪ್ರೂಫ್ ನೋಡಬೇಕು" ಎಂಬ ಹೆಸರಿನ ಫೋಲ್ಡರ್. ಅಮ್ಮ ಕೈಮುಗಿದರು. ನಾನು ಅಷ್ಟಕ್ಕೇ ಬಿಡಲಿಲ್ಲ: ಪೇಜ್‌ಮೇಕರ್ ತೆರೆಸಿ, ಹಳೇ ಕಾರ್ಡೊಂದನ್ನು ಪ್ರಿಂಟ್ ಹೊಡೆಸಿ, ಒತ್ತಕ್ಷರಗಳು ಕೆಟ್ಟಿಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಮೂಲ ಡಿಸ್ಕನ್ನು ವಾಪಸ್ ಕೂರಿಸಿದೆ. ಅವರ ಸಾಫ್ಟ್‌ವೇರ್ ಏಳು ವರ್ಷ ಹಳೆಯದು. ಅಪ್‌ಗ್ರೇಡ್ ಬೇಡ ಎಂದು ಹೇಳಿ ಬಂದೆ.

ಸರಿ, ನನ್ನದು ಪರೀಕ್ಷೆಯಲ್ಲಿ ಫೇಲ್. ಅಪ್‌ಗ್ರೇಡ್ ಮಾಡಲೇಬೇಕು. ಹೇಗೆ ಶುರು ಮಾಡಲಿ?

ಹಳೇ ಆವೃತ್ತಿಯ ಇನ್‌ಸ್ಟಾಲರ್, ಕೀ ಮೊದಲು ತೆಗೆದಿಡಿ. ಕಂಪನಿಯವರು ಹಳೇ ಇನ್‌ಸ್ಟಾಲರ್ ಎಷ್ಟು ದಿನ ಇಟ್ಟಿರುತ್ತಾರೋ ಹೇಳಲಾಗದು. ಹಳೆಯದರಿಂದಲೇ ಕೊನೆಯದೊಂದು ಪೂರ್ತಿ ಇಮೇಜ್ ತೆಗೆಯಿರಿ. ಹೊಸದನ್ನು ಟ್ರಯಲ್ ಅವಧಿಯಲ್ಲೇ ಹಾಕಿ, ಅದರ ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ ಬೂಟ್ ಮಾಡಿ ನೋಡಿ. ಡಿಸ್ಕ್ ಕಂಡ ಮೇಲೆ ಮಾತ್ರ ದುಡ್ಡು ಕಟ್ಟಿ. ಹಳೇ ಇನ್‌ಕ್ರಿಮೆಂಟಲ್ ಸರಪಳಿಗೆ (ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದನ್ನಷ್ಟೇ ಬರೆಯುವ ಫೈಲುಗಳ ಸಾಲು) ಹೊಸದನ್ನು ಜೋಡಿಸಲು ಹೋಗಬೇಡಿ. ಅದರಲ್ಲಿ ನಡುವಿನ ಒಂದು ಕೊಂಡಿ ಕೆಟ್ಟರೆ ಮುಂದಿನವೆಲ್ಲ ಹೋದಂತೆ. ಖಾಲಿ ಫೋಲ್ಡರ್‌ನಲ್ಲಿ ಹೊಸ ಫುಲ್ ಇಮೇಜ್‌ನಿಂದ ಶುರು ಮಾಡಿ. ಸಣ್ಣ ಕಚೇರಿಗಳಿಗೆ ನಾನು ಇನ್‌ಕ್ರಿಮೆಂಟಲ್ ಬದಲು ಡಿಫರೆನ್ಷಿಯಲ್ (ಫುಲ್ ಇಮೇಜ್ ಆದಮೇಲೆ ಬದಲಾದದ್ದನ್ನೆಲ್ಲ ಬರೆಯುವಂಥದ್ದು) ಇಡುತ್ತೇನೆ, ಜಾಗ ಸ್ವಲ್ಪ ಹೆಚ್ಚು ತಿಂದರೂ ಒಂದು ಫುಲ್, ಒಂದು ಡಿಫರೆನ್ಷಿಯಲ್, ಎರಡೇ ಫೈಲಿದ್ದರೆ ರಿಸ್ಟೋರ್ ಆಗುತ್ತದೆ.

ಹಳೇ ಇಮೇಜುಗಳನ್ನು ಕನಿಷ್ಠ ಮೂರು ತಿಂಗಳು ಅಳಿಸಬೇಡಿ. ಹೊಸ ಪೆನ್‌ಡ್ರೈವ್‌ಗೆ ಯಂತ್ರದ ಹೆಸರು, ತಯಾರಿಸಿದ ತಾರೀಖು ಬರೆದ ಚೀಟಿ ಅಂಟಿಸಿ, ಹಳೇ ಪೆನ್‌ಡ್ರೈವ್ ಜೊತೆಗೆ ಒಂದೇ ಡಬ್ಬಿಯಲ್ಲಿಡಿ. ಡಬ್ಬಿ ಎಲ್ಲಿದೆ ಎಂದು ಅಂಗಡಿಯಲ್ಲಿ ಇನ್ನೊಬ್ಬರಿಗೂ ಹೇಳಿರಿ.